ಸಿಡಿಲು ಬಡಿದ ಆಟದ ಪೆಟ್ಟಿಗೆ

ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಹಿಂದೆ ಒಂದು ರೂಢಿ ಇತ್ತು. ಮೋಡ ಕಪ್ಪಾದೊಡನೆ ಮನೆಯ ಹಿರಿಯರು ಯಾರಾದರೂ ಎದ್ದು ಟಿ.ವಿ.ಯ ಪ್ಲಗ್ ಕೀಳುತ್ತಿದ್ದರು. ಆಂಟೆನಾದ ತಂತಿಯನ್ನೂ ಬಿಚ್ಚಿ ಕಿಟಕಿಯಾಚೆ ಹಾಕುತ್ತಿದ್ದರು. ಈಗ ಟಿ.ವಿ.ಯ ಪಕ್ಕದ ಕೋಣೆಗೆ ‘ಗೇಮಿಂಗ್ ಲ್ಯಾಪ್‌ಟಾಪ್’ ಬಂದಿದೆ. ಕಿವಿಗೆ ಹೆಡ್‌ಫೋನ್ ಏರಿಸಿ ಆಟದಲ್ಲಿ ಮುಳುಗಿದ ಹುಡುಗನಿಗೆ ಹೊರಗಿನ ಗುಡುಗು ಕೇಳುವುದಾದರೂ ಹೇಗೆ? ಆಟದೊಳಗೇ ಬೇಕಾದಷ್ಟು ಗುಡುಗು ಇರುತ್ತದಲ್ಲ!

ಫಟ್ಟೆಂಬ ಸದ್ದು, ಸುಟ್ಟ ವಾಸನೆ, ಕತ್ತಲು. ಕರೆಂಟು ಮರಳಿದ ಮೇಲೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಲಕ್ಷ ರೂಪಾಯಿ ಆಸುಪಾಸಿನ ಯಂತ್ರ. ಅನೇಕ ಮನೆಗಳಲ್ಲಿ ಅದರ ಕಂತು ಇನ್ನೂ ತೀರಿರುವುದಿಲ್ಲ. ಆಟಕ್ಕೆಂದು ಕೊಂಡದ್ದಾದರೂ ಅದರಲ್ಲಿ ಇರುವುದು ಆಟ ಮಾತ್ರವಲ್ಲ. ಕಾಲೇಜಿನ ಪ್ರಾಜೆಕ್ಟ್ ವರದಿ, ಮದುವೆಯ ವಿಡಿಯೋ ಸಂಕಲನದಂಥ ಹೊಟ್ಟೆಪಾಡಿನ ಕೆಲಸ, ಎಲ್ಲವೂ ಅದರ ಹೊಟ್ಟೆಯಲ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಾಗಲಿ, ಜಿಲ್ಲಾ ಕೇಂದ್ರಗಳ ದುರಸ್ತಿ ಮಳಿಗೆಗಳಲ್ಲಾಗಲಿ ಇಂಥ ಯಂತ್ರ ಹೊತ್ತು ಬಂದವರ ಮೊದಲ ಪ್ರಶ್ನೆ ಒಂದೇ: ‘ಇದು ಬದುಕುತ್ತದೆಯೇ?’

ಬದುಕುವುದೂ ಉಂಟು. ಪೆಟ್ಟು ಎಲ್ಲಿಯವರೆಗೆ ಒಳಗಿಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಅಡಾಪ್ಟರ್ ಅದನ್ನು 19 ಅಥವಾ 20 ವೋಲ್ಟ್‌ಗೆ ಇಳಿಸುತ್ತದೆ. ಸಿಡಿಲು ಹತ್ತಿರದಲ್ಲಿ ಬಿದ್ದರೆ ತಂತಿಯಲ್ಲಿ ಕ್ಷಣದ ಅತ್ಯಲ್ಪ ಭಾಗದಲ್ಲಿ ಸಾವಿರಾರು ವೋಲ್ಟ್ ಏರಿ ಇಳಿಯುತ್ತದೆ. ಇನ್ನೊಂದು ಶತ್ರು ಸದ್ದಿಲ್ಲದ್ದು. ಗಾಳಿಗೆ ಕೊಂಬೆ ಬಿದ್ದು ಕಂಬದ ಮೇಲಿನ ನ್ಯೂಟ್ರಲ್ ತಂತಿ ತುಂಡಾದರೆ, ಎರಡು ಫೇಸ್‌ಗಳ ನಡುವಿನ 400 ವೋಲ್ಟ್‌ವರೆಗೂ ಮನೆಯೊಳಗೆ ನುಗ್ಗಬಹುದು. ಇದು ಕ್ಷಣದ ಮಾತಲ್ಲ, ಯಾರಾದರೂ ಮೇನ್ ಆರಿಸುವ ತನಕ! ಬಲ್ಬು ಅತಿಯಾಗಿ ಉರಿದು ಒಡೆಯುವುದು, ಫ್ಯಾನ್ ಹುಚ್ಚೆದ್ದು ತಿರುಗುವುದು ಇದರ ಲಕ್ಷಣ.

ಅದೃಷ್ಟವಿದ್ದರೆ ಅಡಾಪ್ಟರ್ ತಾನು ಸತ್ತು ಒಡೆಯನನ್ನು ಉಳಿಸುತ್ತದೆ. ಒಳಗಿನ ಫ್ಯೂಸ್, ಅತಿವೋಲ್ಟೇಜನ್ನು ನುಂಗಲೆಂದೇ ಇರುವ ‘ವ್ಯಾರಿಸ್ಟರ್’ ಎಂಬ ಬಿಲ್ಲೆ, ದೊಡ್ಡ ಕೆಪಾಸಿಟರ್, ಇಷ್ಟು ಹೋದರೆ ಹೊಸ ಅಡಾಪ್ಟರ್ ಸಾಕು. ಆದರೆ ಇಲ್ಲಿ ಅಗ್ಗಕ್ಕೆ ಆಸೆ ಪಡಬಾರದು. ಆಟದ ಲ್ಯಾಪ್‌ಟಾಪಿನ ಹಸಿವು ದೊಡ್ಡದು: 180, 230, ಕೆಲವಕ್ಕೆ 330 ವ್ಯಾಟ್. ಸಾಧಾರಣ ಲ್ಯಾಪ್‌ಟಾಪಿನ 65 ವ್ಯಾಟಿನ ಅಡಾಪ್ಟರನ್ನು ಇದಕ್ಕೆ ಕಟ್ಟುವುದೆಂದರೆ ಆನೆಗೆ ಅರೆಕಾಸಿನ ಮಜ್ಜಿಗೆ. ಯಂತ್ರ ಹೊತ್ತಿಕೊಂಡರೂ ಆಟ ಕುಂಟುತ್ತದೆ, ಆಟದ ನಡುವೆಯೇ ಬ್ಯಾಟರಿ ಕರಗುತ್ತದೆ.

ಪೆಟ್ಟು ಒಳಗಿಳಿದಿದ್ದರೆ ಹಿಂಬದಿಯ ಮುಚ್ಚಳ ತೆಗೆಯಬೇಕು. ಬಲ್ಲ ತಂತ್ರಜ್ಞ ಮಾಡುವ ಮೊದಲ ಕೆಲಸ ಬ್ಯಾಟರಿಯ ಸಂಪರ್ಕ ಕಳಚುವುದು. ಅದು ಉಬ್ಬಿದ್ದರೆ ಅಲ್ಲಿಗೇ ಅದರ ಕಥೆ ಮುಗಿಯಿತು, ಚುಚ್ಚಿದರೆ ಬೆಂಕಿ. ಆಮೇಲೆ ಮೇಜಿನ ಮೇಲಿನ, ವೋಲ್ಟೇಜು ಮತ್ತು ಕರೆಂಟಿಗೆ ಮಿತಿ ಹಾಕಬಲ್ಲ ವಿದ್ಯುತ್ ಮೂಲವನ್ನು ಮದರ್‌ಬೋರ್ಡಿಗೆ ಜೋಡಿಸಿ ಮುಳ್ಳು ನೋಡುವುದು. ಕರೆಂಟು ಸೊನ್ನೆ ಎಂದರೆ ಬಾಗಿಲಲ್ಲೇ ತಡೆ: ಫ್ಯೂಸ್ ಅಥವಾ ದ್ವಾರಪಾಲಕರಂತೆ ಜೋಡಿಯಾಗಿ ನಿಂತಿರುವ ‘ಮಾಸ್ಫೆಟ್’ಗಳು ಹೋಗಿವೆ. ಒಮ್ಮೆಗೇ ಮಿತಿ ಮುಟ್ಟಿದರೆ ಒಳಗೆಲ್ಲೋ ‘ಶಾರ್ಟ್’.

ಆ ‘ಎಲ್ಲೋ’ ಎಲ್ಲಿ ಎಂದು ಹುಡುಕುವುದರಲ್ಲೇ ಈ ವಿದ್ಯೆಯ ಸೊಗಸು ಇರುವುದು. ಮದರ್‌ಬೋರ್ಡಿನ ಮೇಲೆ ಎಳ್ಳುಕಾಳಿನಂಥ ನೂರಾರು ಕೆಪಾಸಿಟರ್‌ಗಳು. ನೋಡಲು ಎಲ್ಲವೂ ಒಂದೇ. ಶಾರ್ಟ್ ಆದ ದಾರಿಗೆ ಒಂದೇ ಒಂದು ವೋಲ್ಟ್ ಕೊಟ್ಟು, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರುತ್ತಾರೆ. ಕೆಟ್ಟ ಭಾಗವಷ್ಟೇ ಬಿಸಿಯಾಗುತ್ತದೆ. ಅಲ್ಲಿನ ದ್ರವ ಮೊದಲು ಆರುತ್ತದೆ. ಕಳ್ಳ ಸಿಕ್ಕಿಬಿದ್ದ! ಅನುಕೂಲವಿದ್ದವರು ಶಾಖ ಗುರುತಿಸುವ ಕ್ಯಾಮೆರಾ ಬಳಸುತ್ತಾರೆ. ಕಿತ್ತು ಹಾಕುವ ಬಿಡಿಭಾಗದ ಬೆಲೆ ಎಷ್ಟೋ ಸಲ ಒಂದೆರಡು ರೂಪಾಯಿ. ಅದಕ್ಕೆ ಸಾವಿರಗಟ್ಟಲೆ ಕೂಲಿಯೇ ಎಂದು ಗ್ರಾಹಕರು ಗೊಣಗುವುದುಂಟು. ಕೂಲಿ ಬಿಡಿಭಾಗಕ್ಕಲ್ಲ, ನೂರಾರು ಕಾಳಿನಲ್ಲಿ ಆ ಒಂದನ್ನು ಹೆಕ್ಕಿದ ಕಣ್ಣಿಗೆ.

ಎಲ್ಲ ಕಥೆಗಳೂ ಹೀಗೆ ಸುಖಾಂತವಲ್ಲ. ಚಿತ್ರಗಳನ್ನು ರೂಪಿಸುವ ‘ಗ್ರಾಫಿಕ್ಸ್’ ಚಿಪ್ ಬಯಸುವುದು ಸುಮಾರು ಒಂದು ವೋಲ್ಟ್. ಹತ್ತೊಂಬತ್ತನ್ನು ಒಂದಕ್ಕೆ ಇಳಿಸುವ ಮಾಸ್ಫೆಟ್ ಒಳಗೇ ಶಾರ್ಟ್ ಆದರೆ ಪೂರ್ತಿ ಹತ್ತೊಂಬತ್ತೂ ಚಿಪ್‌ನ ತಲೆಗೆ! ಅದು ಉಳಿಯುವುದು ಅಪರೂಪ. ಸಾವಿರಕ್ಕೂ ಹೆಚ್ಚು ಬೆಸುಗೆ ಗುಂಡುಗಳ ಮೇಲೆ ಕೂತ ಆ ಚಿಪ್ಪನ್ನು ಎತ್ತಿ ಹೊಸದನ್ನು ಕೂರಿಸಲು ದುಬಾರಿ ಯಂತ್ರವೂ ನುರಿತ ಕೈಯೂ ಬೇಕು. ‘ಸ್ವಲ್ಪ ಬಿಸಿ ಮಾಡಿ ಸರಿಮಾಡಿಕೊಡುತ್ತೇವೆ’ ಎನ್ನುವವರ ಬಗ್ಗೆ ಎಚ್ಚರವಿರಲಿ. ಬಿಸಿಗೆ ಮೇಲೆದ್ದ ಚಿಪ್ ಕೆಲವು ದಿನ ನಡೆದು ಮತ್ತೆ ಮಲಗುತ್ತದೆ. ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಕೆಲವು ಮಾದರಿಗಳಲ್ಲಿ ಸತ್ತ ಚಿಪ್‌ಗೆ ಹೋಗುವ ವಿದ್ಯುತ್ತನ್ನೇ ಕಡಿದು, ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್‌ನಿಂದ ಯಂತ್ರ ನಡೆಸಬಹುದು. ಆಗ ಅದು ಆಟವಿಲ್ಲದ ಆಟದ ಲ್ಯಾಪ್‌ಟಾಪ್. ವರದಿ ಬರೆಯಲು ಅಷ್ಟು ಸಾಕು.

ಕಂಪೆನಿಯ ಸೇವಾಕೇಂದ್ರಗಳು ಸಾಮಾನ್ಯವಾಗಿ ಬೋರ್ಡನ್ನೇ ಬದಲಿಸಿ ಎನ್ನುತ್ತವೆ. ಪ್ರೊಸೆಸರೂ ಗ್ರಾಫಿಕ್ಸೂ ಅದಕ್ಕೇ ಬೆಸೆದುಕೊಂಡಿರುವುದರಿಂದ ಅದರ ಬೆಲೆ ಎದೆ ನಡುಗಿಸುತ್ತದೆ. ವಿದ್ಯುತ್ ಏರಿಳಿತದ ಹಾನಿ ಮಾಮೂಲಿ ವಾರಂಟಿಯೊಳಗೆ ಬರುವುದಿಲ್ಲ. ‘ಆಕಸ್ಮಿಕ ಹಾನಿ’ಯ ಪ್ರತ್ಯೇಕ ರಕ್ಷಣೆ ಕೊಂಡಿದ್ದವರು ಆ ಕಾಗದವನ್ನು ಒಮ್ಮೆ ಹುಡುಕಿ ನೋಡಬೇಕು. ಗ್ರಾಹಕರ ‘ದುರಸ್ತಿಯ ಹಕ್ಕಿ’ಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿಯೊಂದನ್ನು ರಚಿಸಿತು.

ಬೋರ್ಡ್ ಬದಲಿಸುವ ಮುನ್ನ ಇನ್ನೊಂದು ಮಾತು. ಕಡತಗಳು ಕೂತಿರುವ ಎಸ್‌ಎಸ್‌ಡಿ ಸಾಮಾನ್ಯವಾಗಿ ಬೇರೆಯೇ ತುಣುಕು. ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಬಹುದು. ಬೋರ್ಡ್ ಸುಟ್ಟರೂ ಅದು ಉಳಿದಿರುವ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ವಿಂಡೋಸ್‌ನ ‘ಬಿಟ್‌ಲಾಕರ್’ ಬೀಗ ಬಿದ್ದಿದ್ದರೆ 48 ಅಂಕಿಗಳ ಕೀಲಿ ಬೇಕೇ ಬೇಕು. ಬೀಗ ಬಿದ್ದಿದೆಯೆಂದು ಬಹಳ ಮಂದಿಗೆ ತಿಳಿಯುವುದೇ ಆ ದಿನ. ಕೀಲಿ ಹೆಚ್ಚಾಗಿ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಲ್ಲೂ ಇಲ್ಲವಾದರೆ ವರ್ಷದ ಪ್ರಾಜೆಕ್ಟಿಗೆ ಎಳ್ಳುನೀರು.

ಹೇಗೂ ಬಿಚ್ಚಿದ್ದಾಯಿತು, ಯಂತ್ರದ ಬಲವನ್ನೂ ಹೆಚ್ಚಿಸೋಣವೇ? ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬಹಳಷ್ಟು ಮಾದರಿಗಳಲ್ಲಿ ಬದಲಿಸಬಹುದು. ಡಿಡಿಆರ್4ರ ಗೂಡಿನಲ್ಲಿ ಡಿಡಿಆರ್5 ಕೂರದು ಎಂಬುದಷ್ಟು ನೆನಪಿದ್ದರೆ ಸಾಕು. ಒಣಗಿದ ‘ಥರ್ಮಲ್ ಪೇಸ್ಟ್’ ಒರೆಸಿ ಹೊಸದು ಹಚ್ಚಿ, ಫ್ಯಾನಿನ ಧೂಳು ತೆಗೆದರೆ ಅದೇ ಅರ್ಧ ಹೊಸ ಯಂತ್ರ. ಗ್ರಾಫಿಕ್ಸ್ ಮಾತ್ರ ಬೆಸೆದದ್ದು, ಹುಟ್ಟುಗುಣ. 2024ರಲ್ಲಿ ಗ್ರಾಹಕರ ಕೈಸೇರಿದ ‘ಫ್ರೇಮ್‌ವರ್ಕ್ 16’ರಂಥ, ಗ್ರಾಫಿಕ್ಸ್ ತುಣುಕನ್ನೇ ಕಳಚಿ ಹಾಕುವ ಯಂತ್ರಗಳು ಬೆರಳೆಣಿಕೆಯಷ್ಟು.

ಮರಳಿ ಮನೆಗೆ ಬಂದ ಯಂತ್ರ ಮತ್ತೆ ಸುಡದಿರಲು ‘ಸ್ಪೈಕ್ ಗಾರ್ಡ್’ ಪಟ್ಟಿಯೊಂದನ್ನೇ ನಂಬಿ ಕೂರುವಂತಿಲ್ಲ. ಒಳಗಿರುವುದು ಅದೇ ವ್ಯಾರಿಸ್ಟರ್ ಬಿಲ್ಲೆ. ಪ್ರತಿ ಪೆಟ್ಟಿಗೂ ಅದು ಸವೆಯುತ್ತದೆ. ಮೀಟರಿನ ಬಳಿಯೇ ಅತಿವೋಲ್ಟೇಜ್ ತಡೆಯುವ ಸಾಧನ ಹಾಕಿಸುವುದು ಮೇಲು. ಮೋಡ ಕವಿದಾಗ ಪ್ಲಗ್ ಕೀಳುವುದು ಇನ್ನೂ ಮೇಲು, ಜೊತೆಗೆ ಇಂಟರ್‌ನೆಟ್ಟಿನ ಕೇಬಲನ್ನೂ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳು ಜುಂ ಎನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು, ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಅರ್ಥಿಂಗ್ ಗುಂಡಿಯ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಿರುತ್ತದೆ. ಭರಣಿ ಮಳೆಗೆ ಮೊದಲು ಹಿತ್ತಲ ಗಿಡಗಳಿಗೆ ನೀರು ಹಾಕುವಾಗ ಅದಕ್ಕೂ ಒಂದೆರಡು ಕೊಡ ಸುರಿಯಬಹುದು.