ಲೋಹದ ಒಳಗಿನ ತೂತು ಮುಚ್ಚುವ ಬಗೆ

ನಿಮ್ಮ ಮನೆಯ ಹಿರಿಯರಿಗೆ ಸೊಂಟದ ಕೀಲು ಬದಲಿಸಿದ್ದರೆ, ಒಳಗೆ ಕೂಡಿಸಿದ ಲೋಹದ ಬಟ್ಟಲು ಹೇಗೆ ತಯಾರಾಯಿತೆಂದು ನೀವು ಡಾಕ್ಟರನ್ನು ಕೇಳಿರಲಿಕ್ಕಿಲ್ಲ. ಅಂಥ ಬಟ್ಟಲುಗಳಲ್ಲಿ ಕೆಲವನ್ನು ಈಗ ಎರಕ ಹೊಯ್ಯುವುದಿಲ್ಲ, ಗಟ್ಟಿಯಿಂದ ಕಡೆಯುವುದೂ ಇಲ್ಲ. ಟೈಟೇನಿಯಂ ಪುಡಿಯಿಂದ ಪದರದ ಮೇಲೆ ಪದರ ಕಟ್ಟುತ್ತಾರೆ. ಇದಕ್ಕೆ ತ್ರೀಡಿ ಪ್ರಿಂಟಿಂಗ್ ಎಂದು ಹೆಸರು. ಹೆಸರು ಕೇಳಿ ಕಾಗದ, ಮಸಿ ಎಂದುಕೊಳ್ಳಬೇಡಿ. ಯಂತ್ರ ಹಿಟ್ಟಿನಂಥ ಲೋಹದ ಪುಡಿಯನ್ನು ತೆಳ್ಳಗೆ ಹರಡುತ್ತದೆ. ಲೇಸರ್ ಕಿರಣ ಬೇಕಾದಲ್ಲಿ ಮಾತ್ರ ಅದನ್ನು ಕರಗಿಸುತ್ತದೆ. ಮೇಲೆ ಮತ್ತೊಂದು ಪದರ. ಒಂದು ಅಂಗುಲ ಎತ್ತರಕ್ಕೆ ಸುಮಾರು 500 ಪದರ ಬೇಕು.

ಲಾಭ ದೊಡ್ಡದು. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನನ್ನು ಬೆಂಗಳೂರಿನ ವಿಪ್ರೊ ತ್ರೀಡಿ ಹೀಗೆ ಮಾಡಿಕೊಟ್ಟಿತು. 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಸ್ರೋ ಅದನ್ನು 665 ಸೆಕೆಂಡು ಉರಿಸಿ ನೋಡಿತು. ಮೊದಲು 14 ಬಿಡಿಭಾಗ ಇದ್ದದ್ದು ಒಂದೇ ತುಂಡಾಯಿತು, 19 ಬೆಸುಗೆ ಹೋದವು. 565 ಕಿಲೋ ಲೋಹ ಬೇಕಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು.

ಆದರೆ ಪುಡಿಯಿಂದ ಕಟ್ಟಿದ ಲೋಹದ ಒಳಗೆ ಸಣ್ಣ ಸಣ್ಣ ತೂತುಗಳು ಉಳಿಯಬಹುದು. ಪುಡಿಯ ಕಾಳಿನೊಳಗೇ ಗಾಳಿ ಸಿಕ್ಕಿಕೊಂಡಿದ್ದರೆ ದುಂಡನೆಯ ತೂತು. ಲೇಸರಿನ ಶಾಖ ಹೆಚ್ಚಾದರೆ ಲೋಹ ಕುದಿದು ಆಳದಲ್ಲಿ ಗುಳ್ಳೆ. ಶಾಖ ಕಡಿಮೆಯಾದರೆ ಎರಡು ಪದರ ಕೂಡಿಕೊಳ್ಳುವುದೇ ಇಲ್ಲ. ನಡುವೆ ಚೂಪು ಅಂಚಿನ ಚಪ್ಪಟೆ ಸಂದು ಬೀಳುತ್ತದೆ. ಇದೇ ಎಲ್ಲಕ್ಕಿಂತ ಕೆಟ್ಟದ್ದು. ನಡೆಯುವ ಮನುಷ್ಯನ ಕೀಲಿನ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಸಲ ಭಾರ ಬಿದ್ದು ಏಳುತ್ತದೆ. ತಂತಿಯನ್ನು ಹಿಂದೆ ಮುಂದೆ ಮಣಿಸಿ ಮಣಿಸಿ ನೀವು ಮುರಿಯುತ್ತೀರಲ್ಲ, ಹಾಗೆಯೇ ಆ ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ನಾನು ಬ್ಯಾಂಕಿನಲ್ಲಿದ್ದಾಗ ಅಡವಿಗೆ ಬಂದ ಬಳೆಗಳನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದರು. ಒರೆಗಲ್ಲು ಮೇಲಿನ ಚಿನ್ನದ ಮಾತು ಹೇಳುತ್ತದೆ, ಒಳಗೆ ಅರಗು ತುಂಬಿದ್ದನ್ನು ಹೇಳುವುದಿಲ್ಲ.

ಈ ಒಳತೂತುಗಳಿಗೆ ಇರುವ ಮುಖ್ಯ ಮದ್ದಿನ ಹೆಸರು ಹಾಟ್ ಐಸೊಸ್ಟ್ಯಾಟಿಕ್ ಪ್ರೆಸಿಂಗ್. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಹಿಪ್ ಎನ್ನುತ್ತಾರೆ. ಸೊಂಟಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು ಇರುವುದು ಬರೀ ಕಾಕತಾಳೀಯ. ಇದು ಪ್ರಿಂಟಿಂಗ್‌ಗಿಂತ ಹಳೆಯ ವಿದ್ಯೆ. ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಅಣುಶಕ್ತಿ ಇಂಧನದ ಕೆಲಸಕ್ಕೆಂದು ಹುಟ್ಟಿತು. ದಪ್ಪ ಉಕ್ಕಿನ ಗೋಡೆಯ ಪಾತ್ರೆ, ಒಳಗೆ ಭಟ್ಟಿ. ಅದರಲ್ಲಿ ಭಾಗಗಳನ್ನು ಇಟ್ಟು, ಯಾವುದರೊಡನೆಯೂ ಬೆರೆಯದ ಆರ್ಗಾನ್ ಅನಿಲ ತುಂಬುತ್ತಾರೆ. ಟೈಟೇನಿಯಂ ಮಿಶ್ರಲೋಹಕ್ಕೆ ಸುಮಾರು 920 ಡಿಗ್ರಿ ಶಾಖ, 2ರಿಂದ 4 ಗಂಟೆ ಹೊತ್ತು. ಅದು ಕರಗುವುದು 1600 ಡಿಗ್ರಿ ದಾಟಿದ ಮೇಲೆ. ಆದ್ದರಿಂದ ಕರಗುವುದಿಲ್ಲ, ಮೆತ್ತಗಾಗುತ್ತದೆ. ಒತ್ತಡವೋ, ವಾತಾವರಣದ ಸಾವಿರ ಪಟ್ಟು. ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹತ್ತು ಕ್ವಿಂಟಲ್ ಜೋಳ ಹೇರಿದಂತೆ, ಅದೂ ಎಲ್ಲ ದಿಕ್ಕಿನಿಂದ ಸಮನಾಗಿ. ಹಾಗಾಗಿ ಆಕಾರ ಕೆಡುವುದಿಲ್ಲ, ಒಳಗಿನ ತೂತು ಮಾತ್ರ ಕುಸಿಯುತ್ತದೆ. ಕುಸಿದು ಎದುರುಬದುರಾದ ಗೋಡೆಗಳು ಒಂದಾಗುತ್ತವೆ. ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸುತ್ತಿದ್ದದ್ದು ನಮ್ಮ ಸೋಲಾಪುರ ಕಡೆಯ ಹಿರಿಯರಿಗೆ ನೆನಪಿರುತ್ತದೆ. ಇಲ್ಲಿ ಸುತ್ತಿಗೆಯ ಕೆಲಸವನ್ನು ಅನಿಲ ಮಾಡುತ್ತದೆ.

ಈ ಮದ್ದಿಗೂ ಒಂದು ಮಿತಿ ಇದೆ. ಮುಚ್ಚಿದ ತಗಡಿನ ಡಬ್ಬಿಯನ್ನು ಸಮುದ್ರದ ತಳಕ್ಕೆ ಇಳಿಸಿದರೆ ನಜ್ಜುಗುಜ್ಜಾಗುತ್ತದೆ. ಅದೇ ಡಬ್ಬಿಗೆ ತೂತು ಕೊರೆದು ಇಳಿಸಿ, ನೀರು ಒಳಹೊಕ್ಕು ಡಬ್ಬಿ ಹಾಗೆಯೇ ಉಳಿಯುತ್ತದೆ. ಮೇಲ್ಮೈಗೆ ಬಾಯಿ ತೆರೆದ ಸಂದಿನೊಳಕ್ಕೂ ಹೀಗೆಯೇ ಆರ್ಗಾನ್ ನುಗ್ಗುವುದರಿಂದ ಅದು ಮುಚ್ಚುವುದಿಲ್ಲ. ಇದೇ ಗುಣ ಸೊಂಟದ ಬಟ್ಟಲಿಗೆ ಉಪಕಾರಕ್ಕೂ ಬರುತ್ತದೆ. ಅದರ ಹೊರಮೈಯಲ್ಲಿ ಎಲುಬು ಬೆಳೆದು ಹಿಡಿದುಕೊಳ್ಳಲೆಂದು ಬೇಕೆಂದೇ ಜಾಲರಿಯ ತೂತು ಬಿಟ್ಟಿರುತ್ತಾರೆ. ಅವು ತೆರೆದಿರುವುದರಿಂದ ಭಟ್ಟಿಯಲ್ಲಿಯೂ ಉಳಿಯುತ್ತವೆ. ಬೇಡದ ಸಂದು ಮೇಲ್ಮೈಯಲ್ಲಿ ಇದ್ದರೆ ಕಡೆದು, ಉಜ್ಜಿ ತೆಗೆಯಬೇಕು.

ಜಮಾ-ಖರ್ಚು ಬರೆದವನು ಖರ್ಚಿನ ಬದಿಯನ್ನೂ ಹೇಳಬೇಕಲ್ಲ. ಪಾತ್ರೆ ದುಬಾರಿ. ಗಂಟೆಗಟ್ಟಲೆ ಕಾಯಿಸುವುದರಿಂದ ಲೋಹದ ಒಳಗಿನ ನಯವಾದ ನೇಯ್ಗೆ ಸ್ವಲ್ಪ ದಪ್ಪವಾಗಿ, ಒಂದೇ ಸಲ ಎಳೆದಾಗ ತಡೆಯುವ ಬಲ ತುಸು ಇಳಿಯುತ್ತದೆ. ಮತ್ತೆ ಮತ್ತೆ ಬೀಳುವ ಭಾರವನ್ನು ತಾಳುವ ಶಕ್ತಿ ಮಾತ್ರ ಏರುತ್ತದೆ. ಕೀಲಿಗೂ ವಿಮಾನದ ಭಾಗಕ್ಕೂ ಬೇಕಾದದ್ದು ಈ ಎರಡನೆಯದೇ, ಹಾಗಾಗಿ ಇದು ನಷ್ಟದ ವ್ಯವಹಾರವಲ್ಲವೆಂದು ನನ್ನ ಎಣಿಕೆ.

ಇನ್ನೊಂದು ಚೇಷ್ಟೆ ಉಂಟು. ತೂತಿನೊಳಗೆ ಮೊದಲೇ ಆರ್ಗಾನ್ ಸಿಕ್ಕಿಕೊಂಡಿದ್ದರೆ ತೂತು ಕುಗ್ಗುತ್ತದೆ, ಅನಿಲ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ಒತ್ತಡವಿಲ್ಲದೆ ಆ ಭಾಗವನ್ನು ಮತ್ತೆ ಬಹಳ ಕಾಯಿಸಿದರೆ ಅದು ತಿರುಗಿ ಉಬ್ಬಬಹುದು. ಆದ್ದರಿಂದ ಪುಡಿ ತಯಾರಿಸುವಾಗಲೇ ಎಚ್ಚರ ಬೇಕು. ಕೊನೆಗೆ, ತಲೆಗೆ ಪೆಟ್ಟು ಬಿದ್ದವರಿಗೆ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡುವಂತೆಯೇ, ಜೀವಕ್ಕೆ ಸಂಬಂಧಿಸಿದ ಭಾಗಗಳ ಒಳಗನ್ನು ಎಕ್ಸ್‌ರೇ ಕಿರಣದಿಂದ ಸುತ್ತಲೂ ನೋಡಿ, ಆಮೇಲೆ ಹೊರಗೆ ಕಳಿಸುತ್ತಾರೆ.