ಒಂದೇ ಕಟಾ, ಹಲವು ಮನೆತನ

ಶಂಕರ್ ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಎದೆಯಲ್ಲಿಟ್ಟುಕೊಂಡ ನಾಡು ನಮ್ಮದು. ಆದರೂ ಕರಾಟೆಯ ಜೀವಾಳವಾದ ಕಟಾ ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಹೆಜ್ಜೆ, ತಡೆ, ಹೊಡೆತ, ತಿರುವು ಎಲ್ಲವೂ ಮೊದಲೇ ಗೊತ್ತಾಗಿರುವ ವರಸೆ ಅದು. ಅದನ್ನು ಬೇರೆ ಬೇರೆ ಶೈಲಿಗಳಲ್ಲಿ ಅಕ್ಕಪಕ್ಕದಲ್ಲೇ ನೋಡಬೇಕೆಂದರೆ ನ್ಯೂಯಾರ್ಕ್–ನ್ಯೂಜೆರ್ಸಿ ಪ್ರದೇಶ ಒಳ್ಳೆಯ ಜಾಗ.

ಈ ಶೈಲಿಗಳನ್ನು ಇಲ್ಲಿಗೆ ತಂದವರು ಹಲವರು. ಜಪಾನಿನ ಓಕಿನಾವಾದಲ್ಲಿ ಕಲಿತು ಬಂದ ಅಮೆರಿಕದ ಮರೀನ್ ಸೈನಿಕ ಡಾನ್ ನೇಗಲ್ ಜೆರ್ಸಿ ಸಿಟಿಯಲ್ಲಿ ಇಶ್ಶಿನ್‌ರ್ಯು ಶೈಲಿಯನ್ನು ಕಲಿಸಿದರು. 1959ರಲ್ಲಿ ಪೀಟರ್ ಅರ್ಬನ್ ಯೂನಿಯನ್ ಸಿಟಿಯಲ್ಲಿ ಗೋಜು ಶೈಲಿಯ ಡೋಜೊ (ತರಬೇತಿ ಶಾಲೆ) ತೆರೆದರು. 1962ರಲ್ಲಿ ಅನ್ಸೇಯ್ ಉಯೇಶಿರೊ ಅವರೊಂದಿಗೆ ಶೋರಿನ್‌ರ್ಯು ಶೈಲಿ ಬಂತು. 1966ರಲ್ಲಿ ನ್ಯೂಯಾರ್ಕಿಗೆ ಬಂದ ತಡಾಶಿ ನಕಾಮುರಾ ಹತ್ತು ವರ್ಷಗಳ ನಂತರ ಸೇಯ್ಡೊ ಶೈಲಿಯನ್ನು ಸ್ಥಾಪಿಸಿದರು. ಶೋಟೋಕಾನ್ ಶೈಲಿಯ ಮಸತಾಕ ಮೋರಿ 1968ರಲ್ಲಿ ಬಂದರು.

ನೈಹಂಚಿ ಎಂಬ ಕಟಾ ನೋಡಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಡೀ ಕಟಾ ಒಂದೇ ಗೆರೆಯ ಮೇಲೆ ಎಡಕ್ಕೆ, ಬಲಕ್ಕೆ ಸಾಗುತ್ತದೆ. ಶೋಟೋಕಾನ್ ಸ್ಥಾಪಕ ಫುನಾಕೋಶಿ ಇದನ್ನು ಟೆಕ್ಕಿ ಎಂದು ಕರೆದರು. ಶೋಟೋಕಾನ್‌ನಲ್ಲಿ ಕಾಲು ಅಗಲಿಸಿ, ಸೊಂಟ ತಗ್ಗಿಸಿ ನಿಲ್ಲಬೇಕು. ಗುದ್ದು ಮುಗಿಯುವಾಗ ಮುಷ್ಟಿ ತಿರುಗಿ ಅಂಗೈ ಕೆಳಮುಖವಾಗುತ್ತದೆ. ಇಶ್ಶಿನ್‌ರ್ಯುವಿನಲ್ಲಿ ನಿಲುವು ಎತ್ತರ, ಮುಷ್ಟಿ ನೆಟ್ಟಗೆ, ಹೆಬ್ಬೆರಳು ಮೇಲೆ. ಗೋಜುವಿನ ದಾರಿಯೇ ಬೇರೆ. ಅಲ್ಲಿ ಸಾಂಚಿನ್ ಎಂಬ ಕಟಾ ಮಾಡುವಾಗ ಉಸಿರು ಹೊಟ್ಟೆಯಿಂದ ಎದ್ದು ಗಟ್ಟಿಯಾಗಿ ಕೇಳಿಸುತ್ತದೆ. ಮೈ ಬಿಗಿಯಾಗಿದೆಯೇ ಎಂದು ಗುರುಗಳು ಹೆಗಲು, ತೊಡೆಗಳನ್ನು ತಟ್ಟಿ ನೋಡುತ್ತಾರೆ.

ಶೈಲಿ ಬದಲಿಸಿದವರಿಗೆ ಮೊದಲ ದಿನವೇ ಗೊಂದಲ. ಶೋಟೋಕಾನ್‌ನ ಮೊದಲನೆಯ ಹೇಯಾನ್ ಕಟಾ ಬೇರೆ ಕೆಲವು ಶೈಲಿಗಳಲ್ಲಿ ಎರಡನೆಯ ಪಿನಾನ್ ಕಟಾ. ಇದನ್ನು ತಪ್ಪು–ಸರಿಯ ಜಗಳ ಮಾಡಿಕೊಳ್ಳುವವರಿದ್ದಾರೆ. ನನಗದು ಸಣ್ಣತನವಾಗಿ ಕಾಣುತ್ತದೆ. ದೊಡ್ಡ ಗುರುಗಳೇ ಒಂದಕ್ಕಿಂತ ಹೆಚ್ಚು ಕಡೆ ಕಲಿತವರು. ಮಾಬುನಿ ಶಿತೋರ್ಯು ಶೈಲಿ ಕಟ್ಟಿದ್ದು ಓಕಿನಾವಾದ ಶುರಿಯ ಇತೋಸು, ನಾಹಾದ ಹಿಗಾವೊನ್ನಾ ಇಬ್ಬರ ಬಳಿಯೂ ಕಲಿತು. ಇಶ್ಶಿನ್‌ರ್ಯುವಿನ ಸ್ಥಾಪಕ ಶಿಮಾಬುಕು ಕೂಡ ಶೋರಿನ್ ಪರಂಪರೆಯ ಕ್ಯಾನ್, ಗೋಜುವಿನ ಮಿಯಾಗಿ ಇಬ್ಬರ ಶಿಷ್ಯ. ಮಲ್ಲಿಕಾರ್ಜುನ ಮನಸೂರರು ಗ್ವಾಲಿಯರ್ ಘರಾಣೆಯಲ್ಲಿ ತಳಪಾಯ ಹಾಕಿಕೊಂಡು ಆಮೇಲೆ ಜೈಪುರ ಘರಾಣೆಗೆ ಬಂದ ಹಾಗೆ ಇದು. ಆದರೆ ತಳಪಾಯವಿಲ್ಲದೆ ನಾಲ್ಕು ಕಡೆ ಓಡಾಡಿದವರಿಗೆ ಚಲನೆಗಳು ಬಾಯಿಪಾಠವಾಗುತ್ತವೆ, ಕಟಾ ಒಲಿಯುವುದಿಲ್ಲ. ಒಂದು ಶೈಲಿಯಲ್ಲಿ ಕಪ್ಪು ಬೆಲ್ಟ್ ತನಕ ನಿಂತವರಿಗೆ ಮಾತ್ರ ಇನ್ನೊಂದು ಶೈಲಿಯ ವ್ಯತ್ಯಾಸ ಪಾಠವಾಗುತ್ತದೆ: ಮುಷ್ಟಿ ಇಲ್ಲೇಕೆ ತಿರುಗುತ್ತದೆ, ಅಲ್ಲೇಕೆ ತಿರುಗುವುದಿಲ್ಲ ಎಂದು ಕೇಳತೊಡಗುತ್ತಾರೆ.

ಎಡಿಸನ್, ಜೆರ್ಸಿ ಸಿಟಿಯ ಕನ್ನಡ ತಂದೆ–ತಾಯಂದಿರಿಗೆ ಒಂದು ಮಾತು. ಮಕ್ಕಳನ್ನು ಸೇರಿಸುವ ಮುನ್ನ ಒಂದು ತರಗತಿ ಕೂತು ನೋಡಿ. ಶೈಲಿ ಯಾವುದು, ಗುರುಗಳ ಗುರು ಯಾರು ಎಂದು ಕೇಳಿ. ವರ್ಷಕ್ಕೆ ಎಷ್ಟು ಬೆಲ್ಟ್ ಎಂಬ ಪ್ರಶ್ನೆ ಬೇಡ.