ಮಳೆಗಾಲದ ಇಲಿಜ್ವರ: ಎಚ್ಚರಿಕೆಯೇ ಮದ್ದು

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ನೆರೆ ಇಳಿದ ಬಳಿಕ ಇಲಿಜ್ವರ, ಅರ್ಥಾತ್ ಲೆಪ್ಟೊಸ್ಪೈರೋಸಿಸ್, ನಗರದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು.

ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಲಿ, ಹೆಗ್ಗಣ, ನಾಯಿ, ದನಗಳ ಮೂತ್ರದೊಡನೆ ನಿಂತ ನೀರನ್ನು ಸೇರುವ ಈ ರೋಗಾಣು ಚರ್ಮದ ಗಾಯ, ಕಣ್ಣು, ಮೂಗು, ಬಾಯಿಗಳ ಮೂಲಕ ದೇಹವನ್ನು ಪ್ರವೇಶಿಸುತ್ತದೆ.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಚಳಿಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರ ನೋವು ಕಾಣಿಸಿಕೊಳ್ಳುತ್ತವೆ, ಕಣ್ಣುಗಳು ಕೆಂಪಾಗುತ್ತವೆ. ಆರಂಭದಲ್ಲಿ ಡೆಂಗಿ ಅಥವಾ ಫ್ಲೂ ಎಂಬ ಭ್ರಮೆ ಹುಟ್ಟಿಸುವುದೇ ಇದರ ಅಪಾಯ. ಬೇಗ ಗುರುತಿಸಿದರೆ ಆಂಟಿಬಯೋಟಿಕ್ ಔಷಧಗಳಿಂದ ಗುಣವಾಗುವ ಈ ರೋಗ, ತಡವಾದಲ್ಲಿ ಕಾಮಾಲೆ, ಮೂತ್ರಪಿಂಡ ವೈಫಲ್ಯ, ಶ್ವಾಸಕೋಶದ ರಕ್ತಸ್ರಾವಕ್ಕೆ ದಾರಿಯಾಗಬಲ್ಲದು. ಆದುದರಿಂದ ಜ್ವರ ಬಂದಾಗ, ವಾರದ ಹಿಂದೆ ಮಳೆನೀರಿನಲ್ಲಿ ನಡೆದಿದ್ದರೂ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ನಿಂತ ನೀರಿಗೆ ಇಳಿಯುವುದು ಅನಿವಾರ್ಯವಾದರೆ ಗಂಬೂಟು ಧರಿಸಿ, ಗಾಯಗಳನ್ನು ಮುಚ್ಚಿಕೊಳ್ಳಿ. ಮನೆ ಸೇರಿದೊಡನೆ ಕಾಲುಗಳನ್ನು ಸಾಬೂನಿನಿಂದ ತೊಳೆಯಿರಿ. 72 ಗಂಟೆಗಳೊಳಗೆ ವೈದ್ಯರನ್ನು ಕಂಡರೆ, ಅಗತ್ಯವಿದ್ದಲ್ಲಿ ಅವರು ಡಾಕ್ಸಿಸೈಕ್ಲಿನ್ ಮಾತ್ರೆ ಸೂಚಿಸುವರು; ಸ್ವಯಂ ಚಿಕಿತ್ಸೆ ಸಲ್ಲದು. ಕಟ್ಟಡದ ಆವರಣದಲ್ಲಿ ಕಸ ಕೊಳೆಯದಂತೆ ನೋಡಿಕೊಂಡರೆ ಇಲಿಗಳ ಕಾಟವೂ ತಗ್ಗುತ್ತದೆ.